ಚಿಕುನ್‌ಗುನ್ಯಾ ಜ್ವರ ಬಿಟ್ಟರೂ ಬಿಡದ ಕೀಲು ನೋವು: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕುನ್‌ಗುನ್ಯಾ ಜ್ವರ ಸಾಮಾನ್ಯವಾಗಿ ಒಂದು ವಾರದೊಳಗೆ ಇಳಿಯುತ್ತದೆ. ಕೀಲು ನೋವು ಮಾತ್ರ ಕೆಲವರನ್ನು ತಿಂಗಳುಗಟ್ಟಲೆ, ಇನ್ನು ಕೆಲವರನ್ನು ವರ್ಷಗಟ್ಟಲೆ ಕಾಡುತ್ತದೆ. ಜ್ವರ ಇದ್ದಾಗ ಮನೆಮಂದಿಯೆಲ್ಲ ಓಡಾಡಿ ನೋಡಿಕೊಳ್ಳುತ್ತಾರೆ. ಎರಡು ತಿಂಗಳಾದ ಮೇಲೆ "ಇನ್ನೂ ಬೆರಳು ಮಡಚೋಕೆ ಆಗ್ತಿಲ್ಲ" ಅಂದರೆ ಕೇಳುವವರೇ ಇರುವುದಿಲ್ಲ. ಈ ಪುಟ ಬರೆದಿರುವುದು ಅಂಥವರಿಗಾಗಿ, ಮತ್ತು ಅವರನ್ನು ನೋಡಿಕೊಳ್ಳುವವರಿಗಾಗಿ. ಇದನ್ನು ಓದಿ ನೀವೇ ಮಾತ್ರೆ ಶುರು ಮಾಡಬೇಡಿ. ಡಾಕ್ಟರ ಹತ್ತಿರ ಹೋದಾಗ ಏನು ಹೇಳಬೇಕು, ಏನು ಕೇಳಬೇಕು ಅನ್ನುವುದು ಗೊತ್ತಿದ್ದರೆ ಅರ್ಧ ಕೆಲಸ ಸುಲಭ.

ಜ್ವರ ಹೋಗಿ ತಿಂಗಳಾಯಿತು. ಕೀಲು ನೋವು ಇನ್ನೂ ಇದೆ. ಇದು ಸಹಜವಾ?

ಹೌದು, ತುಂಬಾ ಜನರಿಗೆ ಹೀಗೆ ಆಗುತ್ತದೆ. ವೈದ್ಯರು ಈ ಕಾಯಿಲೆಯನ್ನು ಮೂರು ಹಂತವಾಗಿ ನೋಡುತ್ತಾರೆ. ಜ್ವರ ಶುರುವಾದ ದಿನದಿಂದ 3 ವಾರದವರೆಗೆ ಮೊದಲ ಹಂತ. 3 ವಾರದಿಂದ 3 ತಿಂಗಳವರೆಗೆ ನಡುವಿನ ಹಂತ. 3 ತಿಂಗಳು ದಾಟಿದರೂ ನೋವು, ಊತ, ಬಿಗಿತ ಇದ್ದರೆ ಅದು ದೀರ್ಘಕಾಲದ ಹಂತ.

ಈ ಲೆಕ್ಕ ಸುಮ್ನೆ ಪುಸ್ತಕದ ಮಾತಲ್ಲ. ಒಂದೊಂದು ಹಂತಕ್ಕೂ ಚಿಕಿತ್ಸೆ ಬೇರೆ. ಮೊದಲ ಹಂತದಲ್ಲಿ ಕೊಡಬಾರದ ಔಷಧಿ ಮೂರನೇ ಹಂತದಲ್ಲಿ ಬೇಕಾಗಬಹುದು. ಅದಕ್ಕೇ ಜ್ವರ ಶುರುವಾದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಡಾಕ್ಟರು ಮೊದಲು ಕೇಳುವುದೇ ಅದನ್ನು.

ಎಷ್ಟು ಜನರಿಗೆ ನೋವು 3 ತಿಂಗಳು ದಾಟುತ್ತದೆ? ಊರು, ವಯಸ್ಸು, ಲೆಕ್ಕ ಹಾಕಿದ ರೀತಿ ಇವುಗಳ ಮೇಲೆ ಅಂಕಿಗಳು ಬಹಳ ಬದಲಾಗುತ್ತವೆ. 100 ಜನರಲ್ಲಿ 30ರಿಂದ 40 ಮಂದಿಗೆ ಅನ್ನುವುದು ಸಾಮಾನ್ಯವಾಗಿ ಹೇಳುವ ಅಂದಾಜು. ಅಂದರೆ ನೀವು ಒಂಟಿಯಲ್ಲ. ಹೆಚ್ಚಿನವರಿಗೆ ನೋವು ನಿಧಾನವಾಗಿ ಕಡಿಮೆಯಾಗುತ್ತಾ ಹೋಗುತ್ತದೆ ಅನ್ನುವುದೂ ಅಷ್ಟೇ ನಿಜ. ಆದರೆ ನೇರವಾಗಿ ಇಳಿಯುವುದಿಲ್ಲ. ಒಂದು ವಾರ ಚೆನ್ನಾಗಿರುತ್ತದೆ, ಮುಂದಿನ ವಾರ ಮತ್ತೆ ಮಣಿಕಟ್ಟು ಊದಿಕೊಳ್ಳುತ್ತದೆ. ಹಾಗಾದಾಗ "ಎಲ್ಲಾ ಮೊದಲಿನಿಂದ ಶುರುವಾಯಿತು" ಅಂತ ಎದೆಗುಂದಬೇಡಿ. ಈ ಕಾಯಿಲೆಯ ನಡೆಯೇ ಹಾಗೆ.

ವೈರಸ್ ಹೋದ ಮೇಲೂ ನೋವು ಯಾಕೆ ಉಳಿಯುತ್ತದೆ?

ರಕ್ತದಲ್ಲಿ ವೈರಸ್ ಇರುವುದು ಸುಮಾರು ಒಂದು ವಾರ. ಆಮೇಲೆ ದೇಹದ ರಕ್ಷಣಾ ಪಡೆ ಅದನ್ನು ತೊಡೆದುಹಾಕುತ್ತದೆ. ಆದರೆ ಅಷ್ಟರೊಳಗೆ ವೈರಸ್ ಕೀಲಿನ ಒಳಪದರದ ಜೀವಕೋಶಗಳಿಗೆ, ಸ್ನಾಯುರಜ್ಜುಗಳ ಸುತ್ತಲಿನ ಅಂಗಾಂಶಕ್ಕೆ ನುಗ್ಗಿರುತ್ತದೆ. ಅಲ್ಲಿ ಎದ್ದ ಉರಿಯೂತ ಮಾತ್ರ ವೈರಸ್ ಜೊತೆಗೇ ಹೋಗುವುದಿಲ್ಲ.

ಯಾಕೆ ಅನ್ನುವುದರ ಬಗ್ಗೆ ವಿಜ್ಞಾನಿಗಳಲ್ಲಿ ಎರಡು ಅಭಿಪ್ರಾಯ ಇವೆ. ಒಂದು, ಕೀಲಿನೊಳಗೆ ವೈರಸ್ಸಿನ ಚೂರುಗಳು ಉಳಿದುಕೊಂಡು ರಕ್ಷಣಾ ಪಡೆಯನ್ನು ಕೆಣಕುತ್ತಲೇ ಇರುತ್ತವೆ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಒಬ್ಬ ರೋಗಿಯ ಕೀಲಿನ ಪದರದಲ್ಲಿ ಸೋಂಕಾಗಿ 18 ತಿಂಗಳ ನಂತರವೂ ಇಂಥ ಗುರುತು ಸಿಕ್ಕಿತ್ತು. ಇನ್ನೊಂದು, ವೈರಸ್ ಪೂರ್ತಿ ಹೋಗಿರುತ್ತದೆ, ರಕ್ಷಣಾ ವ್ಯವಸ್ಥೆ ಮಾತ್ರ ಶಾಂತವಾಗಿರುವುದಿಲ್ಲ. ಕೊಲಂಬಿಯಾದಲ್ಲಿ ಸುಮಾರು ಎರಡು ವರ್ಷದಿಂದ ನೋವಿದ್ದವರ ಕೀಲಿನ ದ್ರವ ತೆಗೆದು ನೋಡಿದಾಗ ವೈರಸ್ ಸಿಗಲಿಲ್ಲ. ಎರಡೂ ಕಾರಣ ಇರಬಹುದು, ಬೇರೆಬೇರೆ ಜನರಲ್ಲಿ ಬೇರೆಬೇರೆ ಇರಬಹುದು.

ರೋಗಿಗೆ ಮುಖ್ಯವಾದದ್ದು ಒಂದೇ. ಈ ನೋವು ಮನಸ್ಸಿನ ಕಲ್ಪನೆ ಅಲ್ಲ. ಕೀಲಿನೊಳಗೆ ನಿಜವಾಗಿ ಉರಿಯೂತ ಇರುತ್ತದೆ. ಸ್ಕ್ಯಾನ್ ಮಾಡಿದರೆ ಎಷ್ಟೋ ಸಲ ಕಾಣಿಸುತ್ತದೆ ಕೂಡ.

ಯಾರಿಗೆ ಈ ತೊಂದರೆ ಜಾಸ್ತಿ?

40 ದಾಟಿದವರಿಗೆ, ಹೆಂಗಸರಿಗೆ, ಮೊದಲ ವಾರದಲ್ಲೇ ನೋವು ಬಹಳ ಜೋರಾಗಿದ್ದವರಿಗೆ, ಮೊದಲೇ ಕೀಲಿನ ತೊಂದರೆ ಇದ್ದವರಿಗೆ. ಸಕ್ಕರೆ ಕಾಯಿಲೆ ಇದ್ದವರಲ್ಲೂ ನೋವು ಎಳೆಯುವುದು ಕಂಡುಬಂದಿದೆ. ಹಿಂದೆ ಯಾವಾಗಲೋ ಬಿದ್ದು ಪೆಟ್ಟಾಗಿದ್ದ ಕಾಲು, ಉಳುಕಿದ್ದ ಮಣಿಕಟ್ಟು ಈಗ ಮತ್ತೆ ಎದ್ದು ಕೂರುವುದೂ ಸಾಮಾನ್ಯ. ಚಿಕ್ಕ ಮಕ್ಕಳು ಬಹುಪಾಲು ಬೇಗ ಸುಧಾರಿಸಿಕೊಳ್ಳುತ್ತಾರೆ.

ನಮ್ಮೂರಿಗೆ 2006ರಲ್ಲಿ ಬಂದಿತ್ತು. ಅತ್ತೆಗೆ ಈಗಲೂ ಮಂಡಿ ನೋವು. ಅದೇ ಕಾರಣವಾ?

2006 ಅಂದರೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಈಗಲೂ ಜನಕ್ಕೆ ನೆನಪಿದೆ. ಈ ವೈರಸ್ ಮೊದಲು ಗುರುತಾಗಿದ್ದು 1952–53ರಲ್ಲಿ, ಈಗಿನ ತಾಂಜಾನಿಯಾದಲ್ಲಿ. ಭಾರತದಲ್ಲಿ 1963ರಲ್ಲಿ ಕೋಲ್ಕತ್ತಾ, ಮರುವರ್ಷ ತಮಿಳುನಾಡು, 1973ರಲ್ಲಿ ಮಹಾರಾಷ್ಟ್ರದ ಬಾರ್ಶಿ. ಆಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದೊಡ್ಡ ಹಾವಳಿ ಇರಲಿಲ್ಲ. ಹಾಗಾಗಿ ಹೊಸ ತಲೆಮಾರಿನವರ ದೇಹಕ್ಕೆ ಇದರ ಪರಿಚಯವೇ ಇರಲಿಲ್ಲ. 2005ರ ಕೊನೆಗೆ ವಾಪಸ್ ಬಂದದ್ದು 2006ರಲ್ಲಿ ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳಾಗಿ ಹಬ್ಬಿತು. ಅದರಲ್ಲಿ 7 ಲಕ್ಷಕ್ಕೂ ಹೆಚ್ಚು ಕರ್ನಾಟಕದ್ದೇ. ಕಲಬುರಗಿ, ಬೀದರ್, ರಾಯಚೂರು, ತುಮಕೂರು ಕಡೆ ಮನೆಮನೆಯಲ್ಲಿ ಹಾಸಿಗೆ ಹಿಡಿದವರಿದ್ದರು. ಎರಡು ವರ್ಷದ ನಂತರ, 2008ರಲ್ಲಿ, ದಕ್ಷಿಣ ಕನ್ನಡದ ಸರದಿ.

ನೀರು ದಿನಾ ಬಾರದ ಊರಿನಲ್ಲಿ ಜನ ಡ್ರಮ್ಮು, ತೊಟ್ಟಿ, ಹಂಡೆಗಳಲ್ಲಿ ತುಂಬಿಟ್ಟುಕೊಳ್ಳುತ್ತಾರೆ. ಈ ಜ್ವರ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆ ಇಡಲು ಬೇಕಾದದ್ದು ಆ ತಿಳಿನೀರೇ. ಜನರನ್ನು ದೂರುವ ಮೊದಲು ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಕೇಳಬೇಕು.

ಇನ್ನು ಅತ್ತೆಯವರ ಮಂಡಿ. ಕೆಲವರಿಗೆ ನೋವು ಹಲವು ವರ್ಷ ಉಳಿಯುತ್ತದೆ ಅನ್ನುವುದು ನಿಜ. ಆದರೆ ಇಷ್ಟು ವರ್ಷದ ಮೇಲಿನ ಮಂಡಿ ನೋವಿಗೆ ಸವೆತ ಕಾರಣ ಆಗಿರುವ ಸಾಧ್ಯತೆಯೇ ಜಾಸ್ತಿ. ಮೆಟ್ಟಿಲು ಹತ್ತಿಳಿಯುವಾಗ ನೋವು, ಕೂತರೆ ಆರಾಮ, ಬೆಳಿಗ್ಗೆ ಬಿಗಿತ ಹತ್ತು ನಿಮಿಷದಲ್ಲಿ ಹೋಗುತ್ತದೆ ಅಂದರೆ ಅದು ಸವೆತದ ಲಕ್ಷಣ. ಬೆರಳು, ಮಣಿಕಟ್ಟು, ಕಾಲಿನ ಹರಡು ಎರಡೂ ಕಡೆ ಊದಿ, ಬೆಳಿಗ್ಗೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಗಿದುಕೊಂಡಿದ್ದರೆ ಅದು ಉರಿಯೂತ. ಎಲ್ಲವನ್ನೂ ಹಳೇ ಜ್ವರದ ಮೇಲೆ ಹಾಕಿ ಸುಮ್ಮನಾದರೆ ಚಿಕಿತ್ಸೆ ಇರುವ ಬೇರೆ ಕಾಯಿಲೆ ತಪ್ಪಿಹೋಗುತ್ತದೆ.

ಇದು ಆಮವಾತಕ್ಕೆ ತಿರುಗುತ್ತದಾ?

ಆಮವಾತ, ಅಂದರೆ ರುಮಟಾಯ್ಡ್ ಸಂಧಿವಾತ, ನೋಡಲು ಇದರ ಹಾಗೇ ಇರುತ್ತದೆ. ಎರಡರಲ್ಲೂ ಕೈಬೆರಳು, ಮಣಿಕಟ್ಟು ಎರಡೂ ಕಡೆ ಊದುತ್ತವೆ. ಎರಡರಲ್ಲೂ ಬೆಳಗಿನ ಬಿಗಿತ. ವ್ಯತ್ಯಾಸ ತಿಳಿಯಲು ಡಾಕ್ಟರು ಆರ್‌.ಎ. ಫ್ಯಾಕ್ಟರ್, ಆಂಟಿ ಸಿಸಿಪಿ ಅನ್ನುವ ರಕ್ತ ಪರೀಕ್ಷೆ ಬರೆಯುತ್ತಾರೆ. ಚಿಕುನ್‌ಗುನ್ಯಾದ ನಂತರದ ನೋವಿನಲ್ಲಿ ಆಂಟಿ ಸಿಸಿಪಿ ಸಾಮಾನ್ಯವಾಗಿ ನೆಗೆಟಿವ್. ಮೂಳೆ ತಿಂದುಹೋಗುವುದೂ ಅಪರೂಪ.

ಆದರೂ ಕೆಲವರಲ್ಲಿ ಈ ಜ್ವರದ ನಂತರವೇ ಆಮವಾತ ಹೊರಗೆ ಬರುತ್ತದೆ. ಮೊದಲೇ ಒಳಗೆ ಸಣ್ಣಗೆ ಇದ್ದದ್ದು ಈಗ ಕಾಣಿಸಿಕೊಂಡಿರಲೂಬಹುದು. ಹಾಗಾಗಿ 3 ತಿಂಗಳ ಮೇಲೂ ಊತ ಇದ್ದರೆ ಈ ಪರೀಕ್ಷೆ ಮಾಡಿಸಲೇಬೇಕು. ಆಮವಾತಕ್ಕೆ ತಡವಾದಷ್ಟೂ ಕೀಲು ಹಾಳಾಗುತ್ತದೆ.

ಜ್ವರ ಬಂದಾಗ ಪರೀಕ್ಷೆ ಮಾಡಿಸಿರಲಿಲ್ಲ. ಈಗ ಗೊತ್ತಾಗುತ್ತದಾ?

ಸ್ವಲ್ಪ ಮಟ್ಟಿಗೆ ಗೊತ್ತಾಗುತ್ತದೆ. ಮೊದಲ ವಾರದಲ್ಲಿ ಆರ್‌ಟಿ ಪಿಸಿಆರ್ ಪರೀಕ್ಷೆ ವೈರಸ್ಸನ್ನೇ ಹಿಡಿಯುತ್ತದೆ. ಐದಾರು ದಿನ ಕಳೆದ ಮೇಲೆ, ವೈರಸ್ ವಿರುದ್ಧ ದೇಹ ತಯಾರಿಸುವ ಐಜಿಎಂ ಪ್ರತಿಕಾಯ ರಕ್ತದಲ್ಲಿ ಕಾಣಿಸುತ್ತದೆ. ಅದು ಕೆಲವು ತಿಂಗಳು ಉಳಿಯುವುದರಿಂದ ಎರಡು ತಿಂಗಳ ನಂತರ ಮಾಡಿಸಿದರೂ ಪಾಸಿಟಿವ್ ಬರಬಹುದು. ಐಜಿಜಿ ಅನ್ನುವ ಇನ್ನೊಂದು ಪ್ರತಿಕಾಯ ವರ್ಷಗಟ್ಟಲೆ ಇರುತ್ತದೆ. ಹಾಗಾಗಿ ಅದು ಪಾಸಿಟಿವ್ ಬಂದರೆ ಯಾವಾಗಲೋ ಸೋಂಕಾಗಿತ್ತು ಎಂದಷ್ಟೇ ಹೇಳಬಹುದು. ಈಗಿನ ನೋವಿಗೆ ಅದೇ ಕಾರಣ ಅಂತ ಹೇಳಲು ಅದೊಂದೇ ಸಾಲದು.

ನೋವಿಗೆ ಯಾವ ಮಾತ್ರೆ ತಗೋಬಹುದು?

ಮೊದಲ ವಾರದಲ್ಲಿ ಪ್ಯಾರಾಸಿಟಮಾಲ್ ಮಾತ್ರ. ಇದನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣ ಇದೆ. ಡೆಂಗ್ಯೂ, ಚಿಕುನ್‌ಗುನ್ಯಾ ಎರಡನ್ನೂ ಹರಡುವುದು ಒಂದೇ ಸೊಳ್ಳೆ. ಒಂದೇ ಓಣಿಯಲ್ಲಿ ಎರಡೂ ಇರುತ್ತವೆ. ಡೆಂಗ್ಯೂ ಇದ್ದಾಗ ಆಸ್ಪಿರಿನ್, ಡೈಕ್ಲೋಫಿನಾಕ್, ಐಬುಪ್ರೊಫೆನ್ ತಗೊಂಡರೆ ರಕ್ತಸ್ರಾವದ ಅಪಾಯ. ಡೆಂಗ್ಯೂ ಇಲ್ಲ ಅಂತ ಖಾತ್ರಿಯಾಗುವ ತನಕ ಇವನ್ನು ಮುಟ್ಟಬಾರದು.

ಪ್ಯಾರಾಸಿಟಮಾಲ್‌ಗೂ ಮಿತಿ ಇದೆ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಬಾರದು, ಅಂದರೆ 650ರ ಮಾತ್ರೆ ಆರಕ್ಕಿಂತ ಹೆಚ್ಚು ಬೇಡ. ವಯಸ್ಸಾದವರು, ತೂಕ ಕಡಿಮೆ ಇರುವವರು, ಲಿವರ್ ತೊಂದರೆ ಇರುವವರು, ಕುಡಿಯುವ ಅಭ್ಯಾಸ ಇರುವವರು ಇನ್ನೂ ಕಡಿಮೆ ತಗೋಬೇಕು. ಎಷ್ಟು ಅಂತ ಡಾಕ್ಟರನ್ನೇ ಕೇಳಿ. ನೆಗಡಿ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಡೆಂಗ್ಯೂ ಇಲ್ಲ ಅಂತ ಗೊತ್ತಾದ ಮೇಲೆ, ಕೀಲು ಊದಿದ್ದರೆ ಡಾಕ್ಟರು ಉರಿಯೂತ ಇಳಿಸುವ ನೋವಿನ ಮಾತ್ರೆ ಕೊಡುತ್ತಾರೆ. ಅದನ್ನು ಅವರು ಹೇಳಿದಷ್ಟು ದಿನ ತಗೊಳ್ಳಿ, ಊಟ ಮಾಡಿ ತಗೊಳ್ಳಿ. ಮೆಡಿಕಲ್ ಸ್ಟೋರಿನಿಂದ ತಿಂಗಳುಗಟ್ಟಲೆ ನೀವೇ ತಂದು ನುಂಗಬೇಡಿ. ಈ ಮಾತ್ರೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಬಿಪಿ ಏರಿಸುತ್ತವೆ, ಕಿಡ್ನಿ ಕೆಡಿಸುತ್ತವೆ. ಬಿಪಿ, ಶುಗರ್, ಹೃದಯದ ತೊಂದರೆ ಇರುವ ಹಿರಿಯರಿಗೆ ಅಪಾಯ ಇನ್ನೂ ಜಾಸ್ತಿ. ಈ ನೋವು ಹೆಚ್ಚು ಕಾಲ ಕಾಡುವುದೂ ಅವರನ್ನೇ.

ಒಂದು ಇಂಜೆಕ್ಷನ್ ಹಾಕಿದರೆ ಎರಡೇ ದಿನದಲ್ಲಿ ಆರಾಮಾಗುತ್ತದೆ. ಅದನ್ನೇ ಹಾಕಿಸಿಕೊಳ್ಳಬಾರದಾ?

ಎರಡು ದಿನದಲ್ಲಿ ಪವಾಡದ ಹಾಗೆ ಆರಾಮಾಯಿತು ಅಂದರೆ ಅದರಲ್ಲಿ ಸ್ಟಿರಾಯ್ಡ್ ಇರುವ ಸಾಧ್ಯತೆ ಬಹಳ. ಸ್ಟಿರಾಯ್ಡ್ ಕೆಟ್ಟ ಔಷಧಿ ಅಲ್ಲ. ಊತ ಬಹಳ ಇದ್ದಾಗ ತಜ್ಞರು ಕಡಿಮೆ ಪ್ರಮಾಣದಲ್ಲಿ, ಸ್ವಲ್ಪ ಕಾಲಕ್ಕೆ ಕೊಟ್ಟು, ಹಂತಹಂತವಾಗಿ ಇಳಿಸಿ ನಿಲ್ಲಿಸುತ್ತಾರೆ. ತೊಂದರೆ ಇರುವುದು ಲೆಕ್ಕವಿಲ್ಲದೆ ತಗೊಳ್ಳುವುದರಲ್ಲಿ. ಶುಗರ್ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ಮುಖ ಊದುತ್ತದೆ, ಸೋಂಕುಗಳು ಸುಲಭವಾಗಿ ಹತ್ತುತ್ತವೆ. ನಿಲ್ಲಿಸಿದ ಕೂಡಲೇ ನೋವು ಮೊದಲಿಗಿಂತ ಜೋರಾಗಿ ವಾಪಸ್ ಬರುವುದೂ ಇದೆ.

ಚೀಟಿ ಅಂಟಿಸದ ಡಬ್ಬಿಯ ಮಾತ್ರೆ, ಪೊಟ್ಟಣ ಕಟ್ಟಿ ಕೊಡುವ ಪುಡಿ ಇವುಗಳಿಂದ ದೂರ ಇರಿ. "ಬರೀ ಗಿಡಮೂಲಿಕೆ" ಅಂತ ಮಾರುವ ನೋವಿನ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಇಂಥದ್ದನ್ನು ಈಗಾಗಲೇ ಕೆಲವು ವಾರಗಳಿಂದ ತಗೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ. ಬಹಳ ದಿನ ಸ್ಟಿರಾಯ್ಡ್ ತಗೊಂಡವರ ದೇಹ ತಾನೇ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಹಠಾತ್ತಾಗಿ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಅಪಾಯವಾಗಬಹುದು. ಪೊಟ್ಟಣವನ್ನು ಹಾಗೇ ತಗೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ.

ಡಾಕ್ಟರು ಮೆಥೋಟ್ರೆಕ್ಸೇಟ್ ಬರೆದಿದ್ದಾರೆ. ಮೊಬೈಲಿನಲ್ಲಿ ನೋಡಿದರೆ ಕ್ಯಾನ್ಸರ್ ಔಷಧಿ ಅಂತಿದೆ. ಭಯ ಆಗುತ್ತಿದೆ.

ಭಯ ಆಗುವುದು ಸಹಜ. ಕ್ಯಾನ್ಸರಿಗೆ ಇದನ್ನು ತುಂಬಾ ದೊಡ್ಡ ಪ್ರಮಾಣದಲ್ಲಿ ಕೊಡುತ್ತಾರೆ. ಕೀಲಿನ ಉರಿಯೂತಕ್ಕೆ ಕೊಡುವುದು ಅದರ ಸಣ್ಣ ಭಾಗ. ಆಮವಾತಕ್ಕೆ ಇದನ್ನು ದಶಕಗಳಿಂದ ಬಳಸುತ್ತಿದ್ದಾರೆ. 3 ತಿಂಗಳು ದಾಟಿದ ಚಿಕುನ್‌ಗುನ್ಯಾ ಉರಿಯೂತಕ್ಕೂ ತಜ್ಞರು ಇದನ್ನು, ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನು, ಸಲ್ಫಾಸಲಜೀನ್ ಅನ್ನು ಬಳಸುತ್ತಾರೆ. ಕೇರಳದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೈಡ್ರಾಕ್ಸಿಕ್ಲೋರೋಕ್ವಿನ್ ಒಂದನ್ನೇ ತಗೊಂಡವರಿಗಿಂತ ಮೂರನ್ನೂ ಸೇರಿಸಿ ತಗೊಂಡವರಿಗೆ ಹೆಚ್ಚು ಗುಣ ಕಂಡಿತು. ಅಧ್ಯಯನ ಚಿಕ್ಕದು. ಎಲ್ಲರಿಗೂ ಮೂರೂ ಬೇಕು ಅಂತ ಅದರ ಅರ್ಥ ಅಲ್ಲ. ಕೀಲು ಊದದೆ ಬರೀ ನೋವಿದ್ದವರಿಗೆ ಇವು ಬೇಕಾಗದೇ ಇರಬಹುದು.

ಒಂದು ವಿಷಯ ಮಾತ್ರ ಮರೆಯಲೇಬೇಡಿ. ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತಗೊಳ್ಳುವ ಮಾತ್ರೆ. ದಿನಾ ನುಂಗಿದರೆ ವಿಷವಾಗುತ್ತದೆ. ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು, ಜೀವ ಹೋದ ಪ್ರಸಂಗಗಳೂ ಇವೆ. ಬೇರೆ ಎಲ್ಲ ಮಾತ್ರೆಯನ್ನೂ ದಿನಾ ತಗೊಳ್ಳುವ ಅಜ್ಜಿ ಇದನ್ನೂ ಹಾಗೇ ತಗೊಳ್ಳುವುದು ಸುಲಭ. ಅದಕ್ಕೆ ಸ್ಟ್ರಿಪ್ ಮೇಲೆ ದೊಡ್ಡ ಅಕ್ಷರದಲ್ಲಿ "ಭಾನುವಾರ ಮಾತ್ರ" ಅಂತಲೋ, ಡಾಕ್ಟರು ಹೇಳಿದ ವಾರದ ಆ ಒಂದು ದಿನವನ್ನೋ ಬರೆದು, ಆ ಮಾತ್ರೆಯನ್ನು ಬೇರೆ ಡಬ್ಬಿಯಲ್ಲಿ ಇಡಿ. ಮನೆಯಲ್ಲಿ ಒಬ್ಬರು ಅದರ ಜವಾಬ್ದಾರಿ ತಗೊಳ್ಳಿ. ಜೊತೆಗೆ ಕೊಟ್ಟಿರುವ ಫೋಲಿಕ್ ಆಸಿಡ್ ಬಿಡಬೇಡಿ. ಹೇಳಿದ ಸಮಯಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಮದ್ಯ ಬೇಡ. ಗರ್ಭಿಣಿಯರು ಇದನ್ನು ತಗೊಳ್ಳಲೇಬಾರದು. ಮಗುವಿನ ಯೋಚನೆ ಇರುವ ದಂಪತಿ ಮೊದಲೇ ಡಾಕ್ಟರಿಗೆ ಹೇಳಿಬಿಡಬೇಕು. ಹೈಡ್ರಾಕ್ಸಿಕ್ಲೋರೋಕ್ವಿನ್ ಬಹಳ ಕಾಲ ತಗೊಳ್ಳುವುದಾದರೆ ಕಣ್ಣಿನ ಪರೀಕ್ಷೆಯೂ ಬೇಕು.

ಹಾಸಿಗೆಯಲ್ಲೇ ವಿಶ್ರಾಂತಿ ತಗೋಬೇಕಾ, ಇಲ್ಲ ಕೆಲಸ ಮಾಡಬೇಕಾ?

ಜ್ವರ ಇರುವಾಗ ವಿಶ್ರಾಂತಿ. ಜ್ವರ ಇಳಿದ ಮೇಲೆ ಕೀಲುಗಳನ್ನು ಸುಮ್ಮನೆ ಇಟ್ಟರೆ ಬಿಗಿತ ಹೆಚ್ಚಾಗುತ್ತದೆ, ಸ್ನಾಯು ಸೊರಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಬೆಚ್ಚಗಿನ ನೀರಿನಲ್ಲಿ ಕೈ ಅದ್ದಿ, ನೀರೊಳಗೇ ಮುಷ್ಟಿ ಕಟ್ಟಿ ಬಿಚ್ಚಿ. ಒಂದೊಂದೇ ಬೆರಳನ್ನು ಹೆಬ್ಬೆರಳಿಗೆ ಮುಟ್ಟಿಸಿ. ಮಣಿಕಟ್ಟನ್ನು ಮೇಲೆ ಕೆಳಗೆ ಆಡಿಸಿ. ಮೆತ್ತನೆಯ ಚೆಂಡನ್ನು ಮೆಲ್ಲಗೆ ಅದುಮಿ. ಕಾಲಿಗೆ, ಕೂತಲ್ಲೇ ಪಾದ ಸುತ್ತಿಸಿ. ನಡಿಗೆ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ. ಬಿಗಿತಕ್ಕೆ ಬಿಸಿ ಶಾಖ ಹಿತ. ಕೆಂಪಾಗಿ ಊದಿ ಬಿಸಿ ಇರುವ ಕೀಲಿಗೆ ಬಟ್ಟೆಯಲ್ಲಿ ಸುತ್ತಿದ ಐಸ್ ಹಿತ.

ಎಷ್ಟು ಮಾಡಬೇಕು ಅನ್ನುವುದಕ್ಕೆ ಒಂದು ಅಳತೆ: ವ್ಯಾಯಾಮದ ನಂತರದ ಹೆಚ್ಚಿನ ನೋವು ಒಂದೆರಡು ಗಂಟೆಯಲ್ಲಿ ಇಳಿದರೆ ಸರಿ. ಮರುದಿನವೂ ಉಳಿದರೆ ಜಾಸ್ತಿಯಾಯಿತು, ಕಡಿಮೆ ಮಾಡಿ.

ನಮ್ಮ ಮನೆಗೆಲಸ ಬಹುಪಾಲು ಮಣಿಕಟ್ಟಿನ ಮೇಲೇ ನಿಂತಿದೆ ಅಲ್ವಾ. ಮುದ್ದೆ ತಿರುವುವುದು, ಒದ್ದೆ ಬಟ್ಟೆ ಹಿಂಡುವುದು, ತುಂಬಿದ ಕೊಡ ಎತ್ತುವುದು, ರೊಟ್ಟಿ ಬಡಿಯುವುದು. ಈ ನಾಲ್ಕನ್ನು ಕೆಲವು ತಿಂಗಳು ಮನೆಯಲ್ಲಿ ಬೇರೆಯವರು ಮಾಡಲಿ. ಇದು ದಯವಿಟ್ಟು ಗಂಡಸರಿಗೆ ಹೇಳುತ್ತಿರುವ ಮಾತು. ಕುಕ್ಕರಗಾಲಿನಲ್ಲಿ ಕೂರಲು ಆಗದಿದ್ದರೆ ಶೌಚಕ್ಕೆ ಪ್ಲಾಸ್ಟಿಕ್ ಕಮೋಡ್ ಕುರ್ಚಿ ಸಿಗುತ್ತದೆ. ಹಿಮ್ಮಡಿ ನೋವಿಗೆ ಮೆತ್ತನೆಯ ಅಟ್ಟೆ ಇರುವ ಚಪ್ಪಲಿ, ಮನೆಯೊಳಗೂ ಹಾಕಿಕೊಳ್ಳಿ. ಬೀಡಿ ಕಟ್ಟುವವರು, ಹೂ ಕಟ್ಟುವವರು, ಮಗ್ಗದವರು, ಟೈಲರಿಂಗ್ ಮಾಡುವವರು ಕೆಲಸ ಪೂರ್ತಿ ಬಿಟ್ಟು ಕೂರಲು ಆಗುವುದಿಲ್ಲ, ಗೊತ್ತಿದೆ. ಅರ್ಧ ಗಂಟೆಗೊಮ್ಮೆ ಕೈ ಬಿಟ್ಟು ಬೆರಳು ಚಾಚುವುದಾದರೂ ಮಾಡಿ. ರಾತ್ರಿ ಕೈ ಜೋಮು ಹಿಡಿದು ಎಚ್ಚರ ಆಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಅದಕ್ಕೆ ಮಣಿಕಟ್ಟಿನ ಪಟ್ಟಿಯಿಂದಲೇ ಎಷ್ಟೋ ಜನರಿಗೆ ಗುಣವಾಗುತ್ತದೆ. ತೋರಿಸಿಕೊಳ್ಳಿ.

ಬದನೆಕಾಯಿ, ಆಲೂಗಡ್ಡೆ, ಕೋಳಿ ನಂಜು ಅನ್ನುತ್ತಾರೆ. ಪಥ್ಯ ಮಾಡಬೇಕಾ?

ಕೋಳಿಗೂ ಈ ಕಾಯಿಲೆಗೂ ಸಂಬಂಧ ಇಲ್ಲ. ಬದನೆಕಾಯಿ ಬಿಟ್ಟರೆ ಕೀಲು ನೋವು ಹೋಗುತ್ತದೆ ಅನ್ನುವುದಕ್ಕೂ ಆಧಾರ ಇಲ್ಲ. ಯಾವುದೋ ಒಂದು ತಿಂದರೆ ನಿಮಗೆ ನೋವು ಜಾಸ್ತಿ ಅನಿಸಿದರೆ ಅದನ್ನು ಬಿಡಿ, ತೊಂದರೆ ಇಲ್ಲ. ಆದರೆ ಬಾಣಂತಿ ಪಥ್ಯದ ಹಾಗೆ ಬರೀ ಗಂಜಿ, ಸಾರು ತಿಂದುಕೊಂಡು ತಿಂಗಳು ಕಳೆಯಬೇಡಿ. ಸೊರಗಿದ ಸ್ನಾಯು ಚೇತರಿಸಿಕೊಳ್ಳಲು ಬೇಳೆ, ಕಾಳು, ಮೊಟ್ಟೆ, ಮೀನು, ಹಾಲು ಬೇಕು.

ಅಮೃತಬಳ್ಳಿ ಕಷಾಯದ ಬಗ್ಗೆ ಎಚ್ಚರಿಕೆಯ ಮಾತು ಹೇಳಬೇಕು. ಅದನ್ನು ಕುಡಿದವರಲ್ಲಿ ಲಿವರ್ ಉರಿಯೂತ ಕಂಡ ಪ್ರಕರಣಗಳನ್ನು ಮುಂಬೈನ ವೈದ್ಯರು 2021ರಲ್ಲಿ ಪ್ರಕಟಿಸಿದ್ದಾರೆ. ಪ್ಯಾರಾಸಿಟಮಾಲ್, ಮೆಥೋಟ್ರೆಕ್ಸೇಟ್ ಎರಡೂ ಲಿವರ್ ಮೇಲೆ ಭಾರ ಹಾಕುವ ಔಷಧಿಗಳು. ಅವುಗಳ ಜೊತೆಗೆ ದಿನಾ ಕಷಾಯವೂ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಮೂಗಿನ ಮೇಲೆ ಕಪ್ಪಾಗಿದೆ, ಕೂದಲೂ ಉದುರುತ್ತಿದೆ.

ಎರಡೂ ಈ ಜ್ವರದ ನಂತರ ಆಗುವಂಥದ್ದೇ. ಮೂಗು, ಕೆನ್ನೆಯ ಕಪ್ಪು ಕೆಲವು ತಿಂಗಳಲ್ಲಿ ತಿಳಿಯಾಗುತ್ತದೆ. ಬಿಸಿಲಿಗೆ ಮುಖ ಒಡ್ಡಬೇಡಿ, ಬಿಳಿ ಮಾಡುವ ಕ್ರೀಮ್ ಹಚ್ಚಬೇಡಿ. ಕೂದಲು ಜ್ವರವಾಗಿ ಎರಡು ಮೂರು ತಿಂಗಳಿಗೆ ಉದುರಲು ಶುರುವಾಗಿ, ಆಮೇಲೆ ಕೆಲವು ತಿಂಗಳಲ್ಲಿ ತಾನೇ ನಿಲ್ಲುತ್ತದೆ. ಡೆಂಗ್ಯೂ, ಕೋವಿಡ್ ನಂತರವೂ ಹೀಗೇ ಆಗುತ್ತದೆ.

ನೋವಿಗಿಂತ ಸುಸ್ತೇ ಜಾಸ್ತಿ. ಮನೆಯವರು ಸೋಮಾರಿತನ ಅಂತಾರೆ.

ಈ ಪ್ರಶ್ನೆ ಕೇಳುವವರಲ್ಲಿ ಹೆಂಗಸರೇ ಹೆಚ್ಚು. ಓದಿದಾಗಲೆಲ್ಲ ಬೇಸರವಾಗುತ್ತದೆ. ವೈರಸ್ ಸೋಂಕಿನ ನಂತರದ ಆಯಾಸ ಸೋಮಾರಿತನ ಅಲ್ಲ. ಚಿಕುನ್‌ಗುನ್ಯಾ ಆದವರಲ್ಲಿ ತಿಂಗಳುಗಟ್ಟಲೆ ಸುಸ್ತು, ನಿದ್ದೆಗೇಡು, ಮನಸ್ಸು ಕುಗ್ಗುವುದು ದಾಖಲಾಗಿರುವ ಸಂಗತಿ. ನೋವಿನಿಂದ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ನೋವು ಇನ್ನಷ್ಟು ಚುಚ್ಚುತ್ತದೆ.

ಒಳ್ಳೆಯ ದಿನ ಬಂದಾಗ ಬಾಕಿ ಇರುವ ಕೆಲಸವೆಲ್ಲ ಒಮ್ಮೆಲೇ ಮುಗಿಸಲು ಹೋಗಬೇಡಿ. ಮಾರನೇ ದಿನ ಏಳಲಾಗುವುದಿಲ್ಲ. ಕೆಲಸವನ್ನು ಚೂರು ಮಾಡಿಕೊಂಡು, ನಡುನಡುವೆ ಸುಸ್ತಾಗುವ ಮೊದಲೇ ಕೂತುಕೊಳ್ಳಿ. ರಕ್ತಹೀನತೆ, ಥೈರಾಯ್ಡ್, ಬಿ12, ಶುಗರ್ ಒಮ್ಮೆ ನೋಡಿಸಿ. ಇವೂ ಸುಸ್ತಿಗೆ ಕಾರಣ ಆಗುತ್ತವೆ, ಇವಕ್ಕೆ ಸುಲಭದ ಚಿಕಿತ್ಸೆ ಇದೆ. ಯಾವುದರಲ್ಲೂ ಆಸಕ್ತಿ ಇಲ್ಲ, ಬದುಕೇ ಬೇಡ ಅನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮನೆಯವರಿಗೆ: ಡಾಕ್ಟರ ಹತ್ತಿರ ಹೋಗುವಾಗ ಜೊತೆಗೆ ಹೋಗಿ. ಅವರ ಬಾಯಿಂದಲೇ ಕೇಳಿದರೆ ನಿಮ್ಮ ಅನುಮಾನವೂ ಹೋಗುತ್ತದೆ.

ಯಾವ ಲಕ್ಷಣ ಕಂಡರೆ ತಡ ಮಾಡಬಾರದು?

ಕಣ್ಣು ಕೆಂಪಾಗಿ ನೋವು, ದೃಷ್ಟಿ ಮಂಜಾಗುವುದು. ಇದು ಜ್ವರ ಹೋಗಿ ಕೆಲವು ವಾರಗಳ ಮೇಲೂ ಬರಬಹುದು. 2006ರ ಹಾವಳಿಯ ನಂತರ ಬೆಂಗಳೂರಿನ ಕಣ್ಣಿನ ವೈದ್ಯರೇ ಇಂಥ ರೋಗಿಗಳನ್ನು ಕಂಡು ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಬೇಗ ಚಿಕಿತ್ಸೆಯಾದರೆ ದೃಷ್ಟಿ ಉಳಿಯುತ್ತದೆ. ಕಾಲಿನಿಂದ ಶುರುವಾಗಿ ಮೇಲಕ್ಕೆ ಏರುವ ಬಲಹೀನತೆ, ಜುಮು ಜುಮು, ಮುಖ ಸೊಟ್ಟಗಾಗುವುದು ಕಂಡರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ. ಗೊಂದಲ, ಫಿಟ್ಸ್, ಎದೆ ನೋವು, ಕಪ್ಪು ಬಣ್ಣದ ಮಲ ಇವೂ ತುರ್ತು. ಒಂದೇ ಒಂದು ಕೀಲು ಕೆಂಪಾಗಿ ಬಿಸಿಯಾಗಿ, ಮತ್ತೆ ಜ್ವರ ಬಂದರೆ ಕೀಲಿನೊಳಗೆ ಬ್ಯಾಕ್ಟೀರಿಯಾ ಸೋಂಕು ಇರಬಹುದು. ಮನೆಯಲ್ಲಿ ಎಣ್ಣೆ ತಿಕ್ಕಿಕೊಂಡು ಕೂರಬೇಡಿ.

ನಾನು ಗರ್ಭಿಣಿ. ಮಗುವಿಗೆ ತೊಂದರೆಯಾ?

ಅಪಾಯ ಜಾಸ್ತಿ ಇರುವುದು ಹೆರಿಗೆಯ ಆಸುಪಾಸಿನ ದಿನಗಳಲ್ಲಿ ತಾಯಿಗೆ ಜ್ವರ ಬಂದರೆ. ರಿಯೂನಿಯನ್ ದ್ವೀಪದಲ್ಲಿ ಹೆರಿಗೆ ಹೊತ್ತಿಗೆ ತಾಯಿಯ ರಕ್ತದಲ್ಲಿ ವೈರಸ್ ಇದ್ದಾಗ ಸುಮಾರು ಅರ್ಧದಷ್ಟು ಶಿಶುಗಳಿಗೆ ಸೋಂಕು ತಗುಲಿತ್ತು. ಅಂಥ ಕೆಲವು ಮಕ್ಕಳಲ್ಲಿ ಮುಂದೆ ಮಾತು, ನಡೆ, ಕಲಿಕೆ ತಡವಾಗುವುದೂ ಕಂಡಿತು. ಹಾಗಾಗಿ ಹೆರಿಗೆ ಹತ್ತಿರ ಇರುವಾಗ ಜ್ವರ ಬಂದರೆ, ನವಜಾತ ಶಿಶು ಆರೈಕೆ ಇರುವ ಆಸ್ಪತ್ರೆಗೆ ಹೋಗಬೇಕು. ಎಷ್ಟೋ ತಿಂಗಳ ಹಿಂದೆ ಜ್ವರ ಬಂದು ಈಗ ಬರೀ ಕೀಲು ನೋವು ಉಳಿದಿದ್ದರೆ ಮಗುವಿಗೆ ವೈರಸ್ ದಾಟುವ ಭಯ ಇಲ್ಲ. ಎದೆಹಾಲು ನಿಲ್ಲಿಸುವುದು ಬೇಡ. ನೋವಿನ ಮಾತ್ರೆ ಮಾತ್ರ ಕೇಳದೆ ತಗೋಬೇಡಿ.

ಅಮ್ಮನ ಪಕ್ಕ ಮಲಗಿದರೆ ನಮಗೂ ಬರುತ್ತದಾ? ಒಮ್ಮೆ ಬಂದವರಿಗೆ ಮತ್ತೆ ಬರುತ್ತದಾ?

ಮುಟ್ಟಿದರೆ, ಪಕ್ಕ ಮಲಗಿದರೆ ಬರುವುದಿಲ್ಲ. ಸೊಳ್ಳೆಯೇ ಬೇಕು. ಜ್ವರದ ಮೊದಲ ವಾರ ರೋಗಿ ಹಗಲಲ್ಲೂ ಸೊಳ್ಳೆ ಪರದೆಯೊಳಗೆ ಇರಬೇಕು, ಯಾಕೆಂದರೆ ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಆಗ ಮನೆಯ ಉಳಿದವರಿಗೆ ದಾಟುವುದು ತಪ್ಪುತ್ತದೆ. ತಿಂಗಳ ನಂತರದ ನೋವು ಅಂಟುವುದಿಲ್ಲ.

ಒಮ್ಮೆ ಬಂದರೆ ಬಹಳ ಕಾಲ, ಬಹುಶಃ ಜೀವನಪೂರ್ತಿ, ರಕ್ಷಣೆ ಸಿಗುತ್ತದೆ. ನೋವು ಮರುಕಳಿಸಿದರೆ ಅದು ಹೊಸ ಸೋಂಕಲ್ಲ. ಡೆಂಗ್ಯೂ ಬೇರೆ, ಅದು ಮತ್ತೆ ಮತ್ತೆ ಬರಬಹುದು. ಅದಕ್ಕೆ ನೀರಿನ ತೊಟ್ಟಿ, ಡ್ರಮ್ಮುಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ, ಒಳಗೋಡೆ ತಿಕ್ಕಿ, ಒಣಗಿಸಿ. ಸುಮ್ನೆ ನೀರು ಚೆಲ್ಲಿದರೆ ಸಾಲದು. ಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ.

ಯಾವ ಡಾಕ್ಟರನ್ನು ನೋಡಬೇಕು?

ಮೊದಲ 3 ತಿಂಗಳು ನಿಮ್ಮ ಊರಿನ ಡಾಕ್ಟರು ಅಥವಾ ಫಿಜಿಷಿಯನ್ ಸಾಕು. 3 ತಿಂಗಳು ದಾಟಿ ಊತ ಇದ್ದರೆ ರುಮಟಾಲಜಿಸ್ಟ್, ಅಂದರೆ ಸಂಧಿವಾತದ ತಜ್ಞರು. ಮೂಳೆ ಡಾಕ್ಟರ ಹತ್ತಿರ ಹೋಗುವವರೇ ಜಾಸ್ತಿ, ಆದರೆ ಇದು ಮೂಳೆ ಮುರಿತದ ಹಾಗಿನ ತೊಂದರೆ ಅಲ್ಲ, ಉರಿಯೂತ. ತಾಲೂಕು ಮಟ್ಟದಲ್ಲಿ ರುಮಟಾಲಜಿಸ್ಟ್ ಸಿಗುವುದು ಕಷ್ಟ. ಸರ್ಕಾರಿ ಮೆಡಿಕಲ್ ಕಾಲೇಜಿನ ಮೆಡಿಸಿನ್ ವಿಭಾಗಕ್ಕೆ ಹೋಗಿ. ದೂರ ಆದರೆ ಸರ್ಕಾರದ ಉಚಿತ ಇ ಸಂಜೀವಿನಿ ಮೂಲಕ ಫೋನಿನಲ್ಲೇ ಡಾಕ್ಟರ ಜೊತೆ ಮಾತಾಡಬಹುದು. ಜ್ವರದ ತಾರೀಖು, ಹಳೇ ರಿಪೋರ್ಟು, ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪು, ಊದಿದ ದಿನ ಮೊಬೈಲಿನಲ್ಲಿ ತೆಗೆದ ಕೈಯ ಫೋಟೋ ಇಷ್ಟು ಇರಲಿ. ಡಾಕ್ಟರನ್ನು ಕಾಣುವ ದಿನವೇ ಊತ ಇಳಿದಿರುತ್ತದೆ, ಆಗ ಫೋಟೋ ಕೆಲಸಕ್ಕೆ ಬರುತ್ತದೆ.

ಬೇರೆ ವೈರಸ್‌ಗಳೂ ಹೀಗೆ ಹಿಂದೆ ತೊಂದರೆ ಉಳಿಸಿ ಹೋಗುತ್ತವಾ?

ಹೋಗುತ್ತವೆ. ಕೋವಿಡ್ ನಂತರದ ದೀರ್ಘ ತೊಂದರೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ವ್ಯಾಖ್ಯೆಯನ್ನೇ ಕೊಟ್ಟಿತು. ಸಿಡುಬಿನಂತೆ ಮೈಮೇಲೆ ಏಳುವ ಚಿಕನ್‌ಪಾಕ್ಸ್ ವೈರಸ್ ನರದೊಳಗೆ ಅಡಗಿದ್ದು, ದಶಕಗಳ ನಂತರ ಸರ್ಪಸುತ್ತಾಗಿ ಬರುತ್ತದೆ. ಪೋಲಿಯೋ ಆಗಿದ್ದವರಲ್ಲಿ ಕೆಲವರಿಗೆ ಹತ್ತಾರು ವರ್ಷಗಳ ಮೇಲೆ ಹೊಸದಾಗಿ ಬಲಹೀನತೆ ಶುರುವಾಗುತ್ತದೆ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಯಲ್ಲೂ ಚೇತರಿಕೆ ನಿಧಾನ. ಸುಸ್ತು ವಾರಗಟ್ಟಲೆ ಉಳಿಯುತ್ತದೆ, ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದಲ್ಲಿ ಮತ್ತೆ ಮರಳುತ್ತದೆ.

ಲಸಿಕೆ ಇದೆಯಾ?

ಚಿಕುನ್‌ಗುನ್ಯಾಕ್ಕೆ ಮೊದಲ ಲಸಿಕೆಯನ್ನು ಅಮೆರಿಕ 2023ರ ನವೆಂಬರಿನಲ್ಲಿ ಒಪ್ಪಿತು. ಅದು ಜೀವಂತ ವೈರಸ್ಸನ್ನು ದುರ್ಬಲಗೊಳಿಸಿ ಮಾಡಿದ್ದು. ಹಿರಿಯರಲ್ಲಿ ಗಂಭೀರ ಅಡ್ಡಪರಿಣಾಮಗಳು ಕಂಡ ಮೇಲೆ 2025ರ ಆಗಸ್ಟಿನಲ್ಲಿ ಅಲ್ಲಿ ಅದರ ಪರವಾನಗಿಯನ್ನು ಅಮಾನತು ಮಾಡಿದರು. ಜೀವಂತ ವೈರಸ್ ಇಲ್ಲದ ಇನ್ನೊಂದು ಲಸಿಕೆಗೆ 2025ರ ಫೆಬ್ರವರಿಯಲ್ಲಿ ಒಪ್ಪಿಗೆ ಸಿಕ್ಕಿದೆ. ಇವು ಇನ್ನೂ ಸೋಂಕಾಗದವರಿಗೆ. ಈಗಾಗಲೇ ಇರುವ ಕೀಲು ನೋವಿಗೆ ಲಸಿಕೆ ಮದ್ದಲ್ಲ. ನೋವಿಗೆ ಮದ್ದು ಅಂತ ಹೇಳಿ ಯಾರಾದರೂ ಲಸಿಕೆಯ ಇಂಜೆಕ್ಷನ್ ಕೊಡಲು ಬಂದರೆ ಹಾಕಿಸಿಕೊಳ್ಳಬೇಡಿ.